ಅಲ್ಪರಿಂದಲೂ ಆದೀತು

ಬಲವಿದ್ದುದು ಕೆಲಸ ಮಾಡುತ್ತದೆ, ಬಲವಿಲ್ಲದ್ದು ಮಾಡಲಾರದು ಎಂಬದು ಲೋಕರೂಢಿಯ ಮಾತು. ಆನೆ ಮರವನ್ನು ಕೆಡವೀತು, ಇರುವೆ ಕೆಡವಲಾರದು. ಈ ತಿಳಿವಳಿಕೆಯನ್ನು ಸಿಂಧನೂರಿನ ಹಿರಿಯ ಮಾಸ್ತರರೊಬ್ಬರು ಮೂವತ್ತು ವರ್ಷಗಳ ಕಾಲ ವಿಜ್ಞಾನದ ಪಾಠವಾಗಿ ಮಕ್ಕಳಿಗೆ ಕಲಿಸಿದರು. ಕಲಿಸಿದ್ದರಲ್ಲಿ ಬಹುಭಾಗವು ಸತ್ಯವೇ ಆಗಿತ್ತು. ಒಂದು ದಿನ ಮಾತ್ರ ಆ ಸತ್ಯವು ತನ್ನ ಎಲ್ಲೆಯನ್ನು ಮೀರಿ ಹೋಗಿ ಒಬ್ಬ ಹುಡುಗನ ಮನಸ್ಸನ್ನು ನೋಯಿಸಿತು. ನಾಲ್ವತ್ತು ವರ್ಷಗಳ ಮೇಲೆ, ಎಪ್ಪತ್ತೈದು ದಾಟಿದ ವಯಸ್ಸಿನಲ್ಲಿ, ಆ ದಿನದ ಬಾಕಿಯನ್ನು ತೀರಿಸುವ ಪ್ರಸಂಗವು ಅವರಿಗೆ ಒದಗಿತು.

ಸಿಂಧನೂರಿನ ಸೀಮೆಗೆ ತುಂಗಭದ್ರೆಯ ಎಡದಂಡೆಯ ಕಾಲುವೆ ಬಂದ ಮೇಲೆ ಜೋಳದ ಎರೆಹೊಲಗಳು ಭತ್ತದ ಗದ್ದೆಗಳಾದವು. ಕಾಲುವೆಯ ಅಂಚಿನಲ್ಲಿ ಜೊಂಡು ಬೆಳೆಯಿತು. ಜೊಂಡಿನಲ್ಲಿ ಚಳಿಗಾಲದ ಅತಿಥಿಗಳಾದ ಸಣ್ಣ ಹಕ್ಕಿಗಳು ಬಂದು ನೆಲೆಸಿದವು. ಅವುಗಳಲ್ಲಿ ಒಂದಕ್ಕೆ ಕೊರಳಿನಲ್ಲಿ ನೀಲಿಯ ಬಣ್ಣ, ಗಾತ್ರದಲ್ಲಿ ಗುಬ್ಬಿಯಷ್ಟು. ಹಿಮಾಲಯದ ಆಚೆಯ ಉತ್ತರ ದೇಶಗಳಿಂದ ರಾತ್ರಿಯ ಹೊತ್ತು ಹಾರಿ ಬರುವ ಜಾತಿಯದು. 1983ರ ಚಳಿಗಾಲದಲ್ಲಿ ಒಬ್ಬ ರೈತನ ಮಗನು ಈ ಹಕ್ಕಿಯನ್ನು ಕಂಡು, ತರಗತಿಯಲ್ಲಿ ಎದ್ದು ನಿಂತು, “ಸರ, ಅದಕ್ಕ ಹಾದಿ ಯಾರು ತೋರಸ್ತಾರ್ರೀ? ಅದರ ಮೈಯಾಗ ಸೂಜಿಗಲ್ಲು ಇರತದೇನ್ರೀ?” ಎಂದು ಕೇಳಿದನು.

ಮಾಸ್ತರರು ಗಣಿತದಲ್ಲಿ ಗಟ್ಟಿಗರು. ಕೂಡಲೆ ಹಲಗೆಯ ಮೇಲೆ ಲೆಕ್ಕ ಬರೆದರು. ಭೂಮಿಯ ಕಾಂತತ್ವವು ಒಂದು ಎಲೆಕ್ಟ್ರಾನನ್ನು ತಿರುಗಿಸಲು ಹೂಡುವ ಶಕ್ತಿ ಇಷ್ಟು. ಜೀವಿಯ ಮೈಯ ಸಾಧಾರಣ ಕಾವು ಪ್ರತಿಯೊಂದು ಅಣುವನ್ನು ಕುಲುಕಾಡಿಸುವ ಶಕ್ತಿ ಇಷ್ಟು. ಮೊದಲನೆಯದು ಎರಡನೆಯದರ ಸುಮಾರು 50 ಲಕ್ಷದಲ್ಲಿ ಒಂದು ಪಾಲು. “ಜಾತ್ರಿಯ ಗದ್ದಲದಾಗ ಸೊಳ್ಳಿ ಹಾಡಿದ್ಹಾಂಗ ಆತು. ಯಾರು ಕೇಳ್ಯಾರ?” ಎಂದು ನಕ್ಕರು. ತರಗತಿಯೂ ನಕ್ಕಿತು. ಅಂದಿನಿಂದ ಆ ಹುಡುಗನಿಗೆ ‘ಸೂಜಿಗಲ್ಲು’ ಎಂಬ ಅಡ್ಡಹೆಸರು ಬಿದ್ದಿತು. ಅವನು ಮತ್ತೆ ಪ್ರಶ್ನೆ ಕೇಳಲಿಲ್ಲ. ಹತ್ತನೆಯ ತರಗತಿ ಮುಗಿಸಿ ಲಿಂಗಸೂಗೂರಿನಲ್ಲಿದ್ದ ಸೋದರಮಾವನ ರೇಡಿಯೋ ದುರಸ್ತಿಯ ಅಂಗಡಿ ಸೇರಿದನು. ಓದು ಬಿಡಲು ಬಡತನವೂ ಕಾರಣವಾಗಿದ್ದೀತು. ಆದರೆ ಮಾಸ್ತರರ ಮನಸ್ಸಿನ ಒಂದು ಮೂಲೆಯಲ್ಲಿ ಆ ನಗೆ ಮುಳ್ಳಿನಂತೆ ಉಳಿಯಿತು.

ಕಳೆದ ದೀಪಾವಳಿಗೆ ಅವರ ಮೊಮ್ಮಗಳು ಬೆಂಗಳೂರಿನಿಂದ ಊರಿಗೆ ಬಂದಿದ್ದಳು. ಅವಳು ರಸಾಯನಶಾಸ್ತ್ರದಲ್ಲಿ ಸಂಶೋಧನೆ ನಡೆಸುತ್ತಿರುವ ವಿದ್ಯಾರ್ಥಿನಿ. ಯಾವ ವಿಷಯ ಎಂದು ತಾತ ವಿಚಾರಿಸಲು, ಸೂಕ್ಷ್ಮತರಂಗಗಳನ್ನು, ಎಂದರೆ ಜನರು ಮೈಕ್ರೋವೇವ್ ಎಂದು ಕರೆಯುವ ಅಲೆಗಳನ್ನು, ಬೀರಿ ಎಲೆಕ್ಟ್ರಾನುಗಳ ಗಿರಕಿಯನ್ನು ಬದಲಿಸಿದರೆ ರಾಸಾಯನಿಕ ಕ್ರಿಯೆಯ ಫಲವು ಹೇಗೆ ಬದಲಾಗುವದೆಂದು ಅಳೆಯುವದೇ ತನ್ನ ಕೆಲಸವೆಂದಳು. ಮಾಸ್ತರರು ಹಳೆಯ ಲೆಕ್ಕವನ್ನೇ ತೆಗೆದರು. ಪ್ರಯೋಗಶಾಲೆಯ ಸೂಕ್ಷ್ಮತರಂಗದ ಶಕ್ತಿಯಾದರೂ ಸಾಧಾರಣ ಕಾವಿನ ಆರುನೂರರಲ್ಲಿ ಒಂದು ಪಾಲು ಮಾತ್ರ. ಅಣುಗಳ ಬಂಧವನ್ನು ಮುರಿಯಲು ಕಾವಿಗೇ ಆಗದಿರುವಾಗ ಇದರಿಂದ ಏನಾದೀತು?

“ಮುರಿಯೂದಿಲ್ಲ ತಾತ. ಕಾಲುವಿ ನೀರು ಹಾಯಿಸೋದು ನೋಡೀರಲ್ಲಾ?” ಎಂದಳು ಮೊಮ್ಮಗಳು.

ಕಾಲುವೆಯ ನೀರನ್ನು ಯಾವ ರೈತನೂ ತಳ್ಳುವದಿಲ್ಲ. ಅದು ತನ್ನ ಭಾರದಿಂದ ತಾನೇ ಹರಿಯುತ್ತದೆ. ಆದರೆ ಎರಡು ಬದುಗಳು ಕೂಡುವಲ್ಲಿ, ನೀರು ಈ ಮಡಿಗೋ ಆ ಮಡಿಗೋ ಎಂದು ಹೊರಳುವ ಗಳಿಗೆಯಲ್ಲಿ, ಹತ್ತು ವರ್ಷದ ಹುಡುಗನು ಒಂದು ಸಲಿಕೆ ಮಣ್ಣು ಹಾಕಿದರೆ ಸಾಕು, ರಾತ್ರಿಯೆಲ್ಲ ಹರಿಯುವ ನೀರು ಒಂದೇ ಕಡೆಗೆ ಹೋಗುವದು. ಆ ಮಣ್ಣಿನ ಹೆಂಟೆಗೆ ನೀರಿನ ಬಲವಿಲ್ಲ. ಅದು ಇನ್ನೂ ನಿರ್ಧಾರವಾಗದ ಕಡೆ ಬಿದ್ದಿತು. ಅಷ್ಟೇ ಅದರ ಸಾಮರ್ಥ್ಯ.

ಎಲೆಕ್ಟ್ರಾನುಗಳಲ್ಲಿ ಇಂತಹ ಕವಲು ಹೇಗೆ ಉಂಟಾಗುವದೆಂಬದನ್ನು ತಿಳಿಯಬೇಕು. ಪ್ರತಿಯೊಂದು ಎಲೆಕ್ಟ್ರಾನಿಗೂ ಗಿರಕಿಯೆಂಬ ಗುಣವಿದೆ. ಅದು ಬುಗುರಿಯಂತೆ ನಿಜವಾಗಿ ಸುತ್ತುವದೆಂದು ಭಾವಿಸಬೇಕಾಗಿಲ್ಲ. ಒಂದು ಅತಿ ಸಣ್ಣ ಸೂಜಿಗಲ್ಲಿನಂತೆ ವರ್ತಿಸುವದೆಂದರೆ ಸಾಕು. ಅಣುಗಳ ಬಂಧದಲ್ಲಿ ಎಲೆಕ್ಟ್ರಾನುಗಳು ಇಬ್ಬಿಬ್ಬರಾಗಿ, ಒಂದರ ತಲೆಯತ್ತ ಇನ್ನೊಂದರ ಕಾಲು ಬರುವಂತೆ ಕೂಡಿರುತ್ತವೆ. ಬೆಳಕು ಬಿದ್ದು ಒಂದು ಎಲೆಕ್ಟ್ರಾನು ನೆರೆಯ ಅಣುವಿಗೆ ಹಾರಿತೆನ್ನಿರಿ. ಆಗ ಎರಡು ಅಣುಗಳಲ್ಲಿಯೂ ಒಂದೊಂದು ಒಂಟಿ ಎಲೆಕ್ಟ್ರಾನು ಉಳಿಯುವದು. ಇಂತಹ ಅಣುವಿಗೆ ರ್‍ಯಾಡಿಕಲ್ ಎಂದು ಹೆಸರು. ಒಟ್ಟಿಗೆ ಹುಟ್ಟಿದ ಈ ಎರಡಕ್ಕೆ ರ್‍ಯಾಡಿಕಲ್ ಜೋಡಿ ಎನ್ನುತ್ತಾರೆ. ಅಗಲಿದರೂ ಅವು ಹುಟ್ಟಿನ ನೆನಪನ್ನು ಸ್ವಲ್ಪ ಹೊತ್ತು ಇಟ್ಟುಕೊಂಡಿರುತ್ತವೆ.

ಗಿರಕಿಗಳು ಒಂದಕ್ಕೊಂದು ವಿರುದ್ಧವಾಗಿ ಕೂಡಿದ್ದರೆ ಅದು ಏಕಾವಸ್ಥೆ. ಜೊತೆಯಾಗಿ ಸಾಗುತ್ತಿದ್ದರೆ ತ್ರಿಕಾವಸ್ಥೆ. ಏಕಾವಸ್ಥೆಯಲ್ಲಿರುವ ಜೋಡಿಯು ಮರಳಿ ಕೂಡಿ ಮೊದಲಿನ ಅಣುವೇ ಆಗಬಲ್ಲದು. ತ್ರಿಕಾವಸ್ಥೆಯ ಜೋಡಿಗೆ ಆ ಬಾಗಿಲು ಮುಚ್ಚಿರುವದರಿಂದ ಅದು ಬೇರೆ ಪದಾರ್ಥವಾಗಿ ಪರಿಣಮಿಸುವದು. ಜೋಡಿಯು ಈ ಎರಡು ಅವಸ್ಥೆಗಳ ನಡುವೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು ಕಾಲ ತೂಗಾಡುತ್ತದೆ. ಸುತ್ತಲಿನ ಹೈಡ್ರೋಜನ್, ನೈಟ್ರೋಜನ್ ಪರಮಾಣುಗಳ ಬೀಜಗಳು ತಾವೂ ಸಣ್ಣ ಕಾಂತಗಳಾಗಿ ಈ ತೂಗಾಟಕ್ಕೆ ಕಾರಣವಾಗುತ್ತವೆ. ನೀರು ಈ ಮಡಿಗೋ ಆ ಮಡಿಗೋ ಎಂಬ ಗಳಿಗೆ ಇದೇ. ಕಾವು ಅಣುಗಳನ್ನು ಎಷ್ಟೇ ಕುಲುಕಲಿ, ಗಿರಕಿಗಳನ್ನು ಅದು ಸುಲಭವಾಗಿ ಮುಟ್ಟಲಾರದು. ಆದುದರಿಂದ ಆ ಅಲ್ಪಕಾಲದಲ್ಲಿ ಜಾತ್ರೆಯ ಗದ್ದಲವು ಅವುಗಳಿಗೆ ಕೇಳಿಸುವದೇ ಇಲ್ಲ. ಮಾಸ್ತರರ ಲೆಕ್ಕವು ತಪ್ಪಾಗಿರಲಿಲ್ಲ. ಗದ್ದಲವು ಎಲ್ಲ ಕಿವಿಗಳಿಗೂ ಸಮನಾಗಿ ಕೇಳುವದೆಂಬ ಅವರ ಊಹೆಯು ತಪ್ಪಾಗಿತ್ತು.

ಇನ್ನು ಸೂಕ್ಷ್ಮತರಂಗದ ಪಾತ್ರ. ಇಂಚು, ಅರ್ಧ ಇಂಚು ಉದ್ದದ ಇಂತಹ ಅಲೆಗಳನ್ನು ನಮ್ಮ ದೇಶದ ಜಗದೀಶಚಂದ್ರ ಬೋಸರು 1895ರಷ್ಟು ಹಿಂದೆಯೇ ಕಲಕತ್ತೆಯಲ್ಲಿ ಹುಟ್ಟಿಸಿ ತೋರಿಸಿದ್ದರು. ಅಲೆಯ ತಾಳಕ್ಕೆ ಎಲೆಕ್ಟ್ರಾನಿನ ಗಿರಕಿಯು ಓಗೊಡುವದನ್ನು 1944ರಲ್ಲಿ ರಶಿಯಾದ ಕಜಾನ್ ನಗರದಲ್ಲಿ ಜವೋಯ್‌ಸ್ಕಿಯವರು ಕಂಡುಹಿಡಿದರು. ಕಾಂತದೊಳಗೆ ಇಟ್ಟ ಎಲೆಕ್ಟ್ರಾನು ಒಂದು ನಿಶ್ಚಿತ ವೇಗದಿಂದ ತೊನೆಯುತ್ತದೆ. ಕಾಂತವು ಬಲವಾದಷ್ಟೂ ತೊನೆಯುವ ವೇಗ ಹೆಚ್ಚು. ಈಗಿನ ಪ್ರಯೋಗಶಾಲೆಗಳಲ್ಲಿ ಸಾಮಾನ್ಯವಾಗಿ ಬಳಸುವ ಕಾಂತವು ಭೂಮಿಯ ಕಾಂತಕ್ಕಿಂತ ಎಂಟು ಸಾವಿರ ಪಟ್ಟು ಬಲವಾದುದು. ಅದರಲ್ಲಿ ಎಲೆಕ್ಟ್ರಾನು ಸೆಕೆಂಡಿಗೆ ಸುಮಾರು 950 ಕೋಟಿ ಸಲ ತೊನೆಯುವದು. ಸುಮಾರು ಮೂರು ಸೆಂಟಿಮೀಟರ್ ಉದ್ದದ ಸೂಕ್ಷ್ಮತರಂಗದ ತಾಳವೂ ಅಷ್ಟೇ. ನಾಗರಪಂಚಮಿಯ ಜೋಕಾಲಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಾಳ ತಪ್ಪಿ ತಳ್ಳಿದರೆ ಪೈಲವಾನನ ತೋಳೂ ವ್ಯರ್ಥ; ತಾಳಕ್ಕೆ ಸರಿಯಾಗಿ ಎಳೆಯ ಹುಡುಗಿ ಬೆರಳಿನಿಂದ ನೂಕಿದರೂ ಜೋಕಾಲಿಯು ಮರದ ಟೊಂಗೆಯನ್ನು ಮುಟ್ಟುವದು.

ಇಂತಹ ಬಲವಾದ ಕಾಂತದೊಳಗೆ ತ್ರಿಕಾವಸ್ಥೆಯು ಮೂರು ಮೆಟ್ಟಿಲುಗಳಾಗಿ ಒಡೆಯುತ್ತದೆ. ನಡುವಿನ ಮೆಟ್ಟಿಲು ಮಾತ್ರ ಏಕಾವಸ್ಥೆಯ ಮಟ್ಟದಲ್ಲಿರುವದರಿಂದ ಜೋಡಿಗಳ ಹೋಗುಬರುವಿಕೆಯೆಲ್ಲ ಆ ಒಂದೇ ಮೆಟ್ಟಿಲಿನೊಡನೆ ನಡೆಯುವದು. ಮೇಲಿನದೂ ಕೆಳಗಿನದೂ ದೂರವಾಗಿ ಅವುಗಳ ತೂಬು ಮುಚ್ಚಿದಂತಾಗುವದು. ಆಗ ತಾಳಕ್ಕೆ ಸರಿಯಾದ ಸೂಕ್ಷ್ಮತರಂಗವನ್ನು ಬೀರಿದರೆ ಮುಚ್ಚಿದ ತೂಬುಗಳು ತೆರೆಯುತ್ತವೆ. ನಡುವಿನ ಮೆಟ್ಟಿಲಿನಲ್ಲಿದ್ದ ಜೋಡಿಗಳು ಆಚೀಚೆಗೆ ಸರಿಯುತ್ತವೆ. ಏಕಾವಸ್ಥೆಯಲ್ಲಿ ಹುಟ್ಟಿದ ಜೋಡಿಗಳಾದರೆ ಮರಳಿ ಕೂಡುವವುಗಳ ಸಂಖ್ಯೆ ಕಡಿಮೆಯಾಗಿ, ಬೇರೆ ಪದಾರ್ಥವಾಗುವವುಗಳ ಸಂಖ್ಯೆ ಹೆಚ್ಚುವದು. ದ್ರಾವಣದ ಬಣ್ಣದಲ್ಲಿ ಅಥವಾ ಅದು ಸೂಸುವ ಬೆಳಕಿನಲ್ಲಿ ಈ ವ್ಯತ್ಯಾಸವನ್ನು ಅಳೆಯಬಹುದು. 1970ರ ದಶಕದ ಕೊನೆಯ ವರ್ಷಗಳಲ್ಲಿ ಸೋವಿಯತ್ ದೇಶದ ವಿಜ್ಞಾನಿಗಳು ಈ ಬಗೆಯ ಅಳತೆಗೆ ಹಾದಿ ಹಾಕಿದರು.

ಇದಕ್ಕಿಂತಲೂ ಸೋಜಿಗದ ಸಂಗತಿಯೊಂದುಂಟು. ಅಲೆಯನ್ನು ಮಿತಿಮೀರಿ ಬಲವಾಗಿ ಬೀರಿದರೆ ಪರಿಣಾಮವು ಹೆಚ್ಚುವ ಬದಲು ತಗ್ಗಿ, ಕೆಲವೆಡೆ ತಿರುಗಿಬೀಳುವದು. ಎರಡು ಎಲೆಕ್ಟ್ರಾನುಗಳನ್ನೂ ಅಲೆಯು ಒಂದೇ ನೊಗಕ್ಕೆ ಹೂಡಿದ ಎತ್ತುಗಳಂತೆ ಸಮಸಮನಾಗಿ ಎಳೆದೊಯ್ಯುವದರಿಂದ, ಅವುಗಳ ನಡುವಣ ಭೇದವೇ ಅಳಿದುಹೋಗುತ್ತದೆ. ಭೇದವಿಲ್ಲದೆ ಅವಸ್ಥೆಯು ಬದಲಾಗದು. ಬಲ ಹೆಚ್ಚಿದಂತೆ ಫಲ ಹೆಚ್ಚುವದೆಂಬ ಲೋಕರೂಢಿಯು ಇಲ್ಲಿ ಪೂರ್ತಿ ಮುರಿದುಬೀಳುವದು. ಅಡಿಗೆಮನೆಯ ಮೈಕ್ರೋವೇವ್ ಒಲೆಯ ಕೆಲಸವು ಇದಲ್ಲವೆಂದೂ ತಿಳಿಯತಕ್ಕದ್ದು. ಅದು ನೀರನ್ನು ಕಾಯಿಸುತ್ತದೆ. ಇದು ಏನನ್ನೂ ಕಾಯಿಸದೆ ದಾರಿಯನ್ನು ಬದಲಿಸುತ್ತದೆ.

ಇಷ್ಟನ್ನು ಕೇಳಿದ ಮಾಸ್ತರರು ಬಹಳ ಹೊತ್ತು ಸುಮ್ಮನಿದ್ದು, ಮೆಲ್ಲಗೆ, “ಹಕ್ಕೀ ವಿಷಯ ಏನರೆ ಗೊತ್ತದ ಏನವ್ವಾ?” ಎಂದು ಕೇಳಿದರು. ಮೊಮ್ಮಗಳು ಹೇಳಿದ ಉತ್ತರವು ಅವರ ನಿದ್ರೆಯನ್ನು ಕೆಡಿಸಿತು.

ಯುರೋಪಿನ ರಾಬಿನ್ ಎಂಬ ಸಣ್ಣ ಹಕ್ಕಿಯು ಭೂಮಿಯ ಕಾಂತವನ್ನು ಅನುಸರಿಸಿ ದಿಕ್ಕು ಹಿಡಿಯುವದನ್ನು ಜರ್ಮನಿಯ ವಿಲ್ಚ್‌ಕೋ ಎಂಬವರು 1960ರ ದಶಕದಲ್ಲಿಯೇ ಪಂಜರದ ಪ್ರಯೋಗಗಳಿಂದ ತೋರಿಸಿದ್ದರು. ರ್‍ಯಾಡಿಕಲ್ ಜೋಡಿಯೇ ಅದರ ದಿಕ್ಸೂಚಿ ಆಗಿರಬಹುದೆಂದು ಶುಲ್ಟನ್ ಎಂಬವರು 1978ರಲ್ಲಿ ಬರೆದರು. ಎಂದರೆ ಸಿಂಧನೂರಿನ ಹುಡುಗನು ಎದ್ದು ನಿಂತು ಕೇಳಿದಾಗ ಆ ಊಹೆಗೆ ಐದು ವರ್ಷ ತುಂಬಿತ್ತು. 2000ದಲ್ಲಿ ಶುಲ್ಟನ್ನರೂ ಅವರ ಸಂಗಡಿಗರೂ ಹಕ್ಕಿಯ ಕಣ್ಣಿನಲ್ಲಿರುವ ಕ್ರಿಪ್ಟೋಕ್ರೋಮ್ ಎಂಬ ಪ್ರೋಟೀನಿನತ್ತ ಬೆರಳು ತೋರಿಸಿದರು. ಬೆಳಕು ಬಿದ್ದಾಗ ಅದರಲ್ಲಿ ರ್‍ಯಾಡಿಕಲ್ ಜೋಡಿ ಹುಟ್ಟುತ್ತದೆ. 2021ರಲ್ಲಿ ರಾಬಿನ್ ಹಕ್ಕಿಯ ಆ ಪ್ರೋಟೀನನ್ನೇ ಪ್ರಯೋಗಶಾಲೆಯಲ್ಲಿ ತಯಾರಿಸಿ, ಅದು ಕಾಂತಕ್ಕೆ ಸ್ಪಂದಿಸುವದನ್ನು ಅಳೆದರು. ಬದುಕಿರುವ ಹಕ್ಕಿಯಲ್ಲಿ ಇದೇ ದಿಕ್ಸೂಚಿ ಎಂಬ ಕಡೆಯ ರುಜುವಾತು ಇನ್ನೂ ಆಗಬೇಕಾಗಿದೆ; ಆದರೆ ಹುಡುಗನ ಪ್ರಶ್ನೆಯು ನಗತಕ್ಕದ್ದಾಗಿರಲಿಲ್ಲವೆಂಬದರಲ್ಲಿ ಸಂದೇಹ ಉಳಿಯಲಿಲ್ಲ. ನೀಲಿಗೊರಳಿನ ಹಕ್ಕಿಯಾದರೋ ರಾಬಿನ್ನಿನ ಕುಲಕ್ಕೇ ಸೇರಿದ ದಾಯಾದಿ.

ಜೋಕಾಲಿಯ ತಾಳದ ಮಾತು ಹಕ್ಕಿಗೂ ಅನ್ವಯಿಸುವದು. ಭೂಮಿಯ ಕಾಂತವು ಬಲಹೀನವಾದುದರಿಂದ ಅಲ್ಲಿ ಎಲೆಕ್ಟ್ರಾನಿನ ತೊನೆತವು ನಿಧಾನ. ರಾಯಚೂರು ಸೀಮೆಯಲ್ಲಿ ಭೂಕಾಂತವು 40 ಮೈಕ್ರೋಟೆಸ್ಲಾಕ್ಕಿಂತ ಸ್ವಲ್ಪ ಹೆಚ್ಚು. ಅದರಲ್ಲಿ ಒಂಟಿ ಎಲೆಕ್ಟ್ರಾನು ಸೆಕೆಂಡಿಗೆ 11 ಲಕ್ಷಕ್ಕೂ ಮೇಲೆ ತೊನೆಯುವದು. ಇದು ಸೂಕ್ಷ್ಮತರಂಗದ ತಾಳವಲ್ಲ, ಹಳೆಯ ರೇಡಿಯೋದ ಮಧ್ಯಮ ತರಂಗದ ತಾಳ. ಈ ಭಾಗದ ಮನೆಗಳಲ್ಲಿ ಬಹುಕಾಲ ಕೇಳಿಬರುತ್ತಿದ್ದ ಆಕಾಶವಾಣಿಯ ಗುಲ್ಬರ್ಗಾ ಕೇಂದ್ರವು 1107 ಕಿಲೋಹರ್ಟ್ಸಿನಲ್ಲಿತ್ತು. ಎಂದರೆ ಸೆಕೆಂಡಿಗೆ 11 ಲಕ್ಷ 7 ಸಾವಿರ. ಜರ್ಮನಿಯ ಓಲ್ಡೆನ್‌ಬರ್ಗ್ ವಿಶ್ವವಿದ್ಯಾಲಯದ ಆವರಣದಲ್ಲಿ ರಾಬಿನ್ ಹಕ್ಕಿಗಳು ದಿಕ್ಕು ಹಿಡಿಯಲಾರದೆ ಗೊಂದಲಪಡುತ್ತಿದ್ದವು. ಅವುಗಳ ಗುಡಿಸಲುಗಳಿಗೆ ಅಲ್ಯುಮಿನಿಯಂ ತಗಡು ಹೊದಿಸಿ ಭೂಮಿಗೆ ತಂತಿ ಬಿಟ್ಟ ಕೂಡಲೆ ದಿಕ್ಕು ತಿಳಿಯಿತು. ಯಂತ್ರಸಾಮಗ್ರಿಗಳಿಂದ ಹೊರಡುವ, ಮಧ್ಯಮ ತರಂಗದ ಆಸುಪಾಸಿನ ಕ್ಷೀಣವಾದ ಅಲೆಗಳೇ ಅದಕ್ಕೆ ಕಾರಣವೆಂದು 2014ರಲ್ಲಿ ಪ್ರಕಟಿಸಿದರು.

ಇದನ್ನು ಕೇಳಿ ಮಾಸ್ತರರ ಮನಸ್ಸು ಒಂದು ದಂಡೆಯಿಂದ ಇನ್ನೊಂದು ದಂಡೆಗೆ ಜಿಗಿಯಿತು. ಅಲೆಗಳಿಂದ ಏನೂ ಆಗದೆಂದವರು ಈಗ, ಅಲೆಗಳಿಂದ ಎಲ್ಲವೂ ಆಗುವದೆಂದು ಹೊರಟರು. ಓಣಿಯ ತುದಿಯಲ್ಲಿದ್ದ ಮೊಬೈಲ್ ಗೋಪುರವನ್ನು ತೋರಿಸಿ, ಹಕ್ಕಿಗಳ ಹಾದಿಯನ್ನು ಕೆಡಿಸುವ ಪಾಪವು ಅದರದೇ ಎಂದರು. ನಾಳೆಯೇ ಅರ್ಜಿ ಬರೆಯಬೇಕೆಂದರು. ಮೊಮ್ಮಗಳು ನಕ್ಕು ತಡೆದಳು. ಹಕ್ಕಿಯ ರ್‍ಯಾಡಿಕಲ್ ಜೋಡಿಗೆ ಸುಮಾರು 120 ಮೆಗಾಹರ್ಟ್ಸಿನ ಮೇಲಿನ ತಾಳವು ತಾಗಲಾರದೆಂದು ಲೆಕ್ಕವು ಮೊದಲೇ ಹೇಳಿತ್ತು. ಬ್ಲ್ಯಾಕ್‌ಕ್ಯಾಪ್ ಎಂಬ ಹಕ್ಕಿಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ 75ರಿಂದ 85 ಮೆಗಾಹರ್ಟ್ಸಿನ ಅಲೆಗಳು ದಿಕ್ಕು ಕೆಡಿಸಿದವೆಂದು 2022ರಲ್ಲಿಯೂ, 140ರಿಂದ 150 ಮತ್ತು 235ರಿಂದ 245 ಮೆಗಾಹರ್ಟ್ಸಿನ ಅಲೆಗಳು ಕೆಡಿಸಲಿಲ್ಲವೆಂದು 2023ರಲ್ಲಿಯೂ ವರದಿಯಾಯಿತು. ಮೊಬೈಲ್ ಗೋಪುರದ ಸೂಕ್ಷ್ಮತರಂಗಗಳು 700 ಮೆಗಾಹರ್ಟ್ಸಿನಿಂದ ಮೇಲಿನವು. ಪ್ರಯೋಗಶಾಲೆಯ ಬಲವಾದ ಕಾಂತದೊಳಗೆ ಗಿರಕಿಯನ್ನು ತಿರುಗಿಸಬಲ್ಲ ಸೂಕ್ಷ್ಮತರಂಗವು, ಕಾಲುವೆಯ ಜೊಂಡಿನ ಮೇಲೆ, ಭೂಮಿಯ ಮೆಲುವಾದ ಕಾಂತದಲ್ಲಿ, ತಾಳತಪ್ಪಿದ ನೂಕು ಮಾತ್ರ. ಹಕ್ಕಿಯ ದಿಕ್ಸೂಚಿಯ ವಿಷಯದಲ್ಲಿಯಾದರೂ ಗೋಪುರದ ಮೇಲಿನ ದೂರು ನಿಲ್ಲಲಾರದು.

“ಅಂಜೂದೂ ಬ್ಯಾಡ, ನಗೂದೂ ಬ್ಯಾಡ ತಾತ. ಅಳತಿ ಮಾಡಬೇಕು,” ಎಂದಳು ಮೊಮ್ಮಗಳು. ವಿಜ್ಞಾನವನ್ನು ಮೂವತ್ತು ವರ್ಷ ಕಲಿಸಿದವರು ಈ ಮಾತನ್ನು ತಲೆತಗ್ಗಿಸಿ ಕೇಳಿದರು.

ಮರುದಿನ ಬೆಳಿಗ್ಗೆ ಮಾಸ್ತರರು ಲಿಂಗಸೂಗೂರಿನ ಬಸ್ಸು ಹತ್ತಿದರು. ನಡುದಾರಿಯಲ್ಲಿ ಮಸ್ಕಿ ಬರುವದು. ಅಲ್ಲಿ ಇಳಿದು, ಎಷ್ಟೋ ವರ್ಷಗಳಿಂದ ನೋಡದಿದ್ದ ಶಾಸನದ ಬಂಡೆಯ ಹತ್ತಿರ ಹೋದರು. ಚಿನ್ನದ ಅದಿರನ್ನು ಅರಸಿ ಈ ಸೀಮೆಯಲ್ಲಿ ತಿರುಗುತ್ತಿದ್ದ ಬೀಡನ್ ಎಂಬ ಎಂಜಿನಿಯರರು 1915ರಲ್ಲಿ ಈ ಬರಹವನ್ನು ಕಂಡರು. ದೇವಾನಾಂಪ್ರಿಯನೆಂದು ಕರೆದುಕೊಳ್ಳುತ್ತಿದ್ದ ಅರಸನ ಶಾಸನಗಳಲ್ಲಿ ಅಶೋಕನೆಂಬ ಹೆಸರು ಮೊದಲು ದೊರೆತದ್ದು ಇಲ್ಲಿಯೇ. ಮಾಸ್ತರರು ಮಕ್ಕಳಿಗೆ ಹೇಳಿಕೊಡುತ್ತಿದ್ದುದು ಆ ಹೆಸರಿನ ಕಥೆ ಮಾತ್ರ. ಈ ದಿನ ಅವರು ಶಾಸನದ ತಾತ್ಪರ್ಯವನ್ನು ನೆನೆದರು. ಈ ಉನ್ನತಿಯು ದೊಡ್ಡವರಿಗೆ ಮಾತ್ರ ಸಾಧ್ಯವೆಂದು ತಿಳಿಯಬಾರದು, ಧರ್ಮದಲ್ಲಿ ತೊಡಗಿದ ಅಲ್ಪನೂ ಪಡೆಯಬಲ್ಲನು, ಇದನ್ನು ಅಲ್ಪರಿಗೂ ದೊಡ್ಡವರಿಗೂ ತಿಳಿಸಬೇಕು ಎಂಬದು ಅದರ ಕೊನೆಯ ಭಾಗದ ಆಶಯ. ಅರಸನು ಹೇಳಿದ್ದು ಮನುಷ್ಯರ ವಿಷಯ; ಎಲೆಕ್ಟ್ರಾನಿನ ವಿಷಯವಲ್ಲ. ಮಾಸ್ತರರು ಆ ಬಂಡೆಯ ಮುಂದೆ ನಿಂತು ನೆನೆದದ್ದೂ ಎಲೆಕ್ಟ್ರಾನನ್ನಲ್ಲ. ಹದಿನಾಲ್ಕು ವರ್ಷದ ಹುಡುಗನ ಮನಸ್ಸು ಕೂಡ ಈ ಮಡಿಗೋ ಆ ಮಡಿಗೋ ಎಂಬ ಗಳಿಗೆಯಲ್ಲಿರುತ್ತದೆ. ಒಂದು ನಗೆ, ಒಂದು ಹೆಂಟೆ ಮಣ್ಣು. ಅಷ್ಟರಿಂದಲೇ ಒಂದು ಬಾಳಿನ ನೀರು ತಿರುಗಿ ಹೋದೀತು.

ಲಿಂಗಸೂಗೂರಿನ ಅಂಗಡಿಯಲ್ಲಿ ಈಗ ಮೊಬೈಲ್ ಫೋನುಗಳ ದುರಸ್ತಿ. ಮೂಲೆಯಲ್ಲಿ ಸೋದರಮಾವನ ಕಾಲದ ಹಳೆಯ ರೇಡಿಯೋ ಒಂದಿತ್ತು. ತಲೆ ನರೆತ ಶಿಷ್ಯನು ಗುರುಗಳನ್ನು ಕಂಡು ಗಾಬರಿಯಿಂದ ಎದ್ದು, “ಬರ್ರಿ ಸರ, ಕುಂದರ್ರಿ,” ಎಂದು ಕುರ್ಚಿ ಒರೆಸಿದನು. ಮಾಸ್ತರರು ಕುಳಿತು, ಪೀಠಿಕೆಯಿಲ್ಲದೆ ಹೇಳಿದರು: “ಅವತ್ತು ನೀ ಕೇಳಿದ್ದು ಖರೇ ಪ್ರಶ್ನೆ ಇತ್ತಪಾ. ನಾ ನಗಬಾರದಾಗಿತ್ತು.”

ಯಾವ ದಿನ, ಯಾವ ಪ್ರಶ್ನೆ ಎಂದು ಶಿಷ್ಯನು ಕೇಳಲಿಲ್ಲ. ಮಾಸ್ತರರು ಕಾಲುವೆಯ ನೀರು, ಜೋಕಾಲಿ, ಒಂಟಿ ಎಲೆಕ್ಟ್ರಾನು ಎಲ್ಲವನ್ನೂ ಕ್ರಮವಾಗಿ ವಿವರಿಸಿದರು. ಅಲೆಗಳ ನಡುವೆಯೇ ಬಾಳು ಸಾಗಿಸಿದವನಿಗೆ ತಾಳದ ಮಾತನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ. 1107ರ ಮಾತು ಬಂದಾಗ ಅವನು ಒಮ್ಮೆ ತಿರುಗಿ ಮೂಲೆಯ ರೇಡಿಯೋವನ್ನು ನೋಡಿದನು. ಎಲ್ಲ ಮುಗಿದ ಮೇಲೆ ಸ್ವಲ್ಪ ಹೊತ್ತು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ತಿರುಗಿಸುತ್ತ ಕುಳಿತಿದ್ದು, ಕಡೆಗೆ, ತರಗತಿಯಲ್ಲಿ ಎದ್ದು ನಿಲ್ಲುವವನಂತೆ ಸ್ವಲ್ಪ ಮೇಲಕ್ಕೆದ್ದು ಕೇಳಿದನು: “ಹಂಗಾದ್ರ ಸರ, ಜೋಡಿ ಹುಟ್ಟಲಿಕ್ಕ ಬೆಳಕು ಬೇಕು ಅಂದ್ರಿ. ಆ ಹಕ್ಕಿ ಹಾರೂದು ರಾತ್ರಿ. ಚಿಕ್ಕಿ ಬೆಳಕು ಸಾಲತದೇನ್ರೀ?”

ಮಾಸ್ತರರ ಕಣ್ಣು ತುಂಬಿ ಬಂದವು. ಈ ಸಲ ಅವರು ಹಲಗೆ ಕೇಳಲಿಲ್ಲ, ಲೆಕ್ಕ ಬರೆಯಲಿಲ್ಲ.

“ಛಲೋ ಪ್ರಶ್ನೆ ಕೇಳಿದಿ,” ಎಂದರು. “ನನ್ನ ಮೊಮ್ಮಗಳಿಗೆ ಫೋನ್ ಹಚ್ಚು, ಆಕಿನ್ನ ಕೇಳೋಣು.”